ಸೊನ್ನೆ ಚೀಟಿ

ಜೀವನದಲ್ಲಿ ಒಂದು ತೊಟ್ಟೂ ಕುಡಿಯದ ನಾನು, ಕುಡಿದಿಲ್ಲವೆಂದು ದಿನಾ ಬೆಳಿಗ್ಗೆ ಆರು ಗಂಟೆಗೆ ಸಾಬೀತು ಮಾಡಬೇಕು. ಹೆಂಡತಿಯ ಮುಂದಲ್ಲ, ಅಂಥ ಅನುಮಾನ ಪಡುವಷ್ಟು ರಸಿಕತೆ ನನ್ನಲ್ಲಿಲ್ಲವೆಂದು ಮದುವೆಯಾದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು. ಸಾಬೀತು ಮಾಡಬೇಕಾದದ್ದು ಅಂಗೈಯಗಲದ ಒಂದು ಕಪ್ಪು ಯಂತ್ರದ ಮುಂದೆ.

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ನಾನೊಂದು ಕಾರ್ಖಾನೆಯ ಟೈಮ್ ಆಫೀಸಿನ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದಿಡುವುದು ನನ್ನ ಕೆಲಸ. ಏಳು ವರ್ಷದ ಹಿಂದೆ ಇದಕ್ಕೆ ಇನ್ನೊಂದು ಅಂಟಿಕೊಂಡಿತು. ಕಾರ್ಖಾನೆಯ ಬಸ್ಸು, ಲಾರಿ ಓಡಿಸುವವರೆಲ್ಲ ಗಾಡಿ ಹತ್ತುವ ಮುಂಚೆ ಗೇಟಿನಲ್ಲಿ ಯಂತ್ರಕ್ಕೆ ಊದಬೇಕು, ಅದು ತೋರಿಸುವ ಅಂಕಿ ಸೊನ್ನೆಯಾಗಿರಬೇಕು ಎಂಬ ನಿಯಮ ಬಂತು. ಯಂತ್ರ ಸರಿಯಾಗಿದೆಯೇ ಎಂದು ನೋಡಲು ದಿನವೂ ಮೊದಲು ಕುಡಿಯದವನೊಬ್ಬ ಊದಿ ತೋರಿಸಬೇಕಂತೆ. ಅಂಥವನು ಯಾರಿದ್ದಾನೆಂದು ಮ್ಯಾನೇಜರು ಕೇಳಿದಾಗ ಇಡೀ ಆಫೀಸಿನ ಬೆರಳುಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಬೇರೆ ಯಾವ ಅರ್ಹತೆಗೂ ಅವು ಹಾಗೆ ತಿರುಗಿದ್ದು ನನಗೆ ನೆನಪಿಲ್ಲ.

ನಾನು ಊದುತ್ತೇನೆ. ಯಂತ್ರ ಕೀಂ ಎನ್ನುತ್ತದೆ. ಪಕ್ಕದ ಪುಟ್ಟ ಪ್ರಿಂಟರಿನಿಂದ ಬಸ್ಸಿನ ಟಿಕೆಟಿನಂಥ ಒಂದು ಚೀಟಿ ಹೊರಬರುತ್ತದೆ: ನನ್ನ ಹೆಸರು, ಹೊತ್ತು, ಸೊನ್ನೆ. ಮೊದಮೊದಲು ಆ ಚೀಟಿ ನೋಡಿ ನನಗೊಂದು ಸಣ್ಣ ಹೆಮ್ಮೆಯಾಗುತ್ತಿತ್ತು. ಈಗ ಅದನ್ನು ಓದದೆ ಮಡಿಸಿ ಮೇಜಿನ ಡ್ರಾಯರಿಗೆ ಹಾಕಿಬಿಡುತ್ತೇನೆ. ಯಾಕೆಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ನೇರವಾಗಿ ಹೇಳುವ ಧೈರ್ಯವಿಲ್ಲದ್ದರಿಂದ ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ಊದುವುದು ಎಷ್ಟು ಕಷ್ಟದ ಕೆಲಸವೆಂದು ಈ ಗೇಟಿನಲ್ಲಿ ಕೂತಮೇಲೆ ನನಗೆ ತಿಳಿಯಿತು. ಊದುಗೊಳವೆ ಹಿಡಿದು ಹಸಿ ಸೌದೆಯನ್ನು ಉರಿಸಿದ ಮನೆಗಳಲ್ಲಿ ಬೆಳೆದ ಗಂಡಸರು ಈ ಪ್ಲಾಸ್ಟಿಕ್ ಕೊಳವೆಯ ಮುಂದೆ ನಿಂತರೆ ಉಸಿರೇ ಇಲ್ಲದವರಾಗುತ್ತಾರೆ. ಕೆಲವರು ಕೆನ್ನೆ ಉಬ್ಬಿಸುತ್ತಾರೆ, ಗಾಳಿ ಬಿಡುವುದಿಲ್ಲ. ಕೆಲವರು ಊದುವ ಬದಲು ಒಳಕ್ಕೆ ಎಳೆಯುತ್ತಾರೆ. ಲಾರಿಯವನೊಬ್ಬ ತುಟಿಯ ಮೂಲೆಯಿಂದ ಗಾಳಿಯನ್ನೆಲ್ಲ ನನ್ನ ಮುಖಕ್ಕೆ ಬಿಟ್ಟು, ಯಂತ್ರಕ್ಕೆ ಊದಿದವನಂತೆ ನಿಂತ. ಯಂತ್ರ ಏನೂ ಹೇಳಲಿಲ್ಲ, ನನ್ನ ಮೂಗು ಎಲ್ಲವನ್ನೂ ಹೇಳಿತು. ಬಾಯಿಗೆ ಹಾಕಿಕೊಳ್ಳುವ ವಸ್ತುಗಳದ್ದು ಇನ್ನೊಂದು ಪುರಾಣ: ಕರಿಬೇವು, ಏಲಕ್ಕಿ, ಹಸಿ ಈರುಳ್ಳಿ, ಸೀಬೆ ಎಲೆ. ನಮ್ಮ ಗೇಟಿನ ಹೊರಗೊಂದು ಸೀಬೆ ಗಿಡವಿದೆ. ಆ ಮೊದಲ ವರ್ಷ ಅದರಲ್ಲಿ ಕೈಗೆಟುಕುವ ಎತ್ತರದಲ್ಲಿ ಒಂದು ಎಲೆಯೂ ಉಳಿಯಲಿಲ್ಲ.

ಶಿಡ್ಲಘಟ್ಟದಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆ ಚಿಕ್ಕಂದಿನಲ್ಲಿ ನನ್ನನ್ನು ದಿನಾ ಪ್ರಾಣಾಯಾಮಕ್ಕೆ ಕೂರಿಸುತ್ತಿದ್ದರು. ಒಳಕ್ಕೆ ಎಳೆದುಕೊಳ್ಳುವುದು ಪೂರಕ, ಹಿಡಿದಿಡುವುದು ಕುಂಭಕ, ಬಿಡುವುದು ರೇಚಕ. ಬಿಡುವುದನ್ನು ಎಳೆದದ್ದರ ಎರಡರಷ್ಟು ಹೊತ್ತು ಬಿಡಬೇಕು, ತಳದ ಗಾಳಿಯೂ ಹೊರಬರಬೇಕು ಎನ್ನುತ್ತಿದ್ದರು. ಆಗ ನನ್ನ ಗಮನವೆಲ್ಲ ಅಡುಗೆಮನೆಯ ಉಪ್ಪಿಟ್ಟಿನ ಮೇಲಿರುತ್ತಿತ್ತು. ನಲವತ್ತು ವರ್ಷ ಕಳೆದು, ಯಂತ್ರದ ಜೊತೆ ಬಂದ ಸಣ್ಣ ಪುಸ್ತಕ ಓದುವಾಗ ತಂದೆಯ ಮಾತೇ ಅಲ್ಲಿತ್ತು. ಬಾಯಿಯ ಗಾಳಿ ಈ ಯಂತ್ರಕ್ಕೆ ಬೇಡ. ಶ್ವಾಸಕೋಶದ ತಳದಲ್ಲಿ ರಕ್ತದ ಪಕ್ಕವೇ ಕೂತಿದ್ದು ಎದ್ದು ಬಂದ ಗಾಳಿ ಬೇಕು, ಅಂದರೆ ಊದಿದ ಉಸಿರಿನ ಕೊನೆಯ ಪಾಲು. ರಕ್ತದ ಒಂದು ಪಾಲಿನಲ್ಲಿ ಎಷ್ಟು ಮದ್ಯಸಾರವಿದೆಯೋ ಅಷ್ಟು, ಆ ಗಾಳಿಯ ಎರಡು ಸಾವಿರದ ನೂರು ಪಾಲಿನಲ್ಲಿ ಇರುತ್ತದೆಂದು ವಿಜ್ಞಾನಿಗಳು ಲೆಕ್ಕ ಇಟ್ಟುಕೊಂಡಿದ್ದಾರೆ. ಸೂಜಿ ಚುಚ್ಚದೆ ರಕ್ತದ ಸುದ್ದಿ ತಿಳಿಯುವುದು ಹೀಗೆ. ಸೀಬೆ ಎಲೆ ಬಾಯಿಯನ್ನು ಸುಧಾರಿಸಬಹುದು, ರಕ್ತದ ತನಕ ಅದು ಇಳಿಯುವುದಿಲ್ಲ.

ಬಾಯಿಗೂ ರಕ್ತಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಗೇಟಿಗೆ ಕಲಿಸಿದವರು ಸ್ಟೋರಿನ ಸುಬ್ಬರಾಯರು. ಚಿಂತಾಮಣಿಯವರು, ಏಕಾದಶಿ ತಪ್ಪಿಸದವರು. ಸಾಮಾನು ತರಲು ಕಾರ್ಖಾನೆಯ ಜೀಪನ್ನು ಅವರೇ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಊದಿದರೆ ಯಂತ್ರ ಕಿರುಚಿಕೊಂಡಿತು, ಸಾಯುವಷ್ಟು ಕುಡಿದವನ ಅಂಕಿ ತೋರಿಸಿತು. ಸಾಲಿನಲ್ಲಿ ನಿಂತಿದ್ದವರ ಮುಖದಲ್ಲಿ ಅಂಥ ಸಂತೋಷವನ್ನು ಬೋನಸ್ಸಿನ ದಿನವೂ ನಾನು ನೋಡಿರಲಿಲ್ಲ. ಸುಬ್ಬರಾಯರ ಕಣ್ಣಲ್ಲಿ ನೀರು ಬಂತು. ವಿಚಾರಿಸಿದರೆ, ಗೇಟಿಗೆ ಬರುವ ಎರಡು ನಿಮಿಷ ಮುಂಚೆ ಕೀಲುನೋವಿಗೆಂದು ಒಂದು ಮುಚ್ಚಳ ಅರಿಷ್ಟ ಕುಡಿದಿದ್ದರು. ಅರಿಷ್ಟವೆಂದರೆ ಬೇರು ತೊಗಟೆಗಳನ್ನು ಬೆಲ್ಲದ ಜೊತೆ ಹುದುಗಿಸಿದ್ದು, ಅದರಲ್ಲಿ ಮದ್ಯಸಾರ ಇದ್ದೇ ಇರುತ್ತದೆ. ಬಾಯಿ ಮುಕ್ಕಳಿಸಲು ಹೇಳಿ, ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದೆ. ಸೊನ್ನೆ ಬಂತು. ಬಾಯಲ್ಲಿದ್ದದ್ದು ಹೋಗಿತ್ತು, ರಕ್ತದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಏನೂ ಇರಲಿಲ್ಲ. ಸಾಲಿನವರಿಗೆ ನಾನು ಇದನ್ನೆಲ್ಲ ವಿವರಿಸಿದೆ. ಎಲ್ಲರೂ ಕಿವಿಗೊಟ್ಟು ಕೇಳಿದರು.

ನನ್ನ ರೋಗ ಶುರುವಾದದ್ದು ಅವತ್ತು. ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ತಂದೆಯಂತೆ ಮೇಷ್ಟರಾಗಬೇಕೆಂದು ಆಸೆಪಟ್ಟವನು, ಆಗಲಿಲ್ಲ. ಗುಮಾಸ್ತನಾಗಿ ಇಪ್ಪತ್ತೈದು ವರ್ಷ ಕಳೆದಮೇಲೆ, ಸೀಮೆಸುಣ್ಣವಿಲ್ಲದಿದ್ದರೂ ಪರವಾಗಿಲ್ಲ, ಹತ್ತು ಜನ ನಿಂತು ನನ್ನ ಮಾತು ಕೇಳುತ್ತಿದ್ದರು. ಕುಡಿಯುವವನಿಗೆ ಮೊದಲ ಲೋಟ ಹೇಗೋ ನನಗೆ ಆ ಬೆಳಿಗ್ಗೆ ಹಾಗೆ. ಆಮೇಲೆ ಯಾರು ಸಿಕ್ಕರೂ ಪಾಠ ಮಾಡತೊಡಗಿದೆ.

ನನ್ನ ಪಾಠದಲ್ಲಿ ಎಲ್ಲರಿಗೂ ಇಷ್ಟವಾಗಿದ್ದದ್ದು ಲಿವರಿನ ಭಾಗ. ಕುಡಿದದ್ದನ್ನು ರಕ್ತದಿಂದ ತೆಗೆದು ಕರಗಿಸುವುದು ಲಿವರು. ಅದು ನನ್ನ ಹಾಗೆ ಒಬ್ಬ ಗುಮಾಸ್ತ. ಮೇಜಿನ ಮೇಲೆ ಹತ್ತು ಕಡತವಿರಲಿ ನೂರಿರಲಿ, ಗಂಟೆಗೆ ಇಷ್ಟೇ ವಿಲೇವಾರಿ. ಕಾಫಿ ಕೊಟ್ಟರೂ ಅವಸರ ಮಾಡುವುದಿಲ್ಲ, ತಲೆಯ ಮೇಲೆ ತಣ್ಣೀರು ಸುರಿದರೂ ಇಲ್ಲ, ಮಜ್ಜಿಗೆ ನಿಂಬೆಹಣ್ಣುಗಳ ಶಿಫಾರಸೂ ನಡೆಯುವುದಿಲ್ಲ. ಹೊತ್ತು ಕಳೆಯಬೇಕು, ಅಷ್ಟೆ. ರಸ್ತೆಯ ಕಾನೂನು ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ತನಕ ಬಿಡುತ್ತದೆ. ನಮ್ಮ ಗೇಟು ಸೊನ್ನೆಯ ಮೇಲೆ ಒಂದನ್ನೂ ಬಿಡುವುದಿಲ್ಲ ಎಂದು ಹೇಳಿ ನಾನು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ. ಆ ಕನ್ನಡಕ ಸರಿಮಾಡಿಕೊಳ್ಳುವ ರೀತಿ ತಂದೆಯದು.

ಈಗ ಅಶ್ವತ್ಥಪ್ಪನ ವಿಷಯಕ್ಕೆ ಬರಲೇಬೇಕು.

ಅಶ್ವತ್ಥಪ್ಪ ನಮ್ಮ ಪೆರೇಸಂದ್ರದ ಕಡೆಯ ಬಸ್ಸಿನ ಡ್ರೈವರ್. ವಿದುರಾಶ್ವತ್ಥದ ಹತ್ತಿರದ ಹಳ್ಳಿಯವನು. ಅವನ ವಯಸ್ಸಿನವರಲ್ಲಿ ಆ ಸುತ್ತಿನ ಮನೆಗೊಬ್ಬ ಅಶ್ವತ್ಥ ಇದ್ದೇ ಇರುತ್ತಾನೆ. ನಲವತ್ತೆರಡರ ಗಟ್ಟಿ ಆಳು. ಬೆಳಿಗ್ಗೆ ಆರೂವರೆಗೆ ಬಸ್ಸು ತೆಗೆದು ಕೆಲಸಗಾರರನ್ನು ಕರೆತಂದು, ಹತ್ತರಿಂದ ನಾಲ್ಕರ ತನಕ ಮನೆಗೆ ಹೋಗಿ, ಸಂಜೆ ಮತ್ತೆ ಅವರನ್ನು ಬಿಟ್ಟು ಬಂದು, ಗೇಟಿನ ಎದುರಿನ ಡ್ರೈವರುಗಳ ಶೀಟಿನ ಕೋಣೆಯಲ್ಲಿ ಮಲಗುತ್ತಿದ್ದ. ಕುಡಿಯುತ್ತಿದ್ದದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ನಾಲ್ಕು ಜನ ಸೇರಿದಾಗ. ಆದರೆ ದುರದೃಷ್ಟವಂತ. ಯಂತ್ರ ಬಂದ ಎರಡನೆಯ ವರ್ಷದಲ್ಲಿ ಮೂರು ಸಲ ಸಿಕ್ಕಿಬಿದ್ದ.

ಮೂರನೆಯ ಸಲ ಅವನು ನನ್ನ ಮೇಜಿಗೆ ಎರಡೂ ಕೈ ಊರಿ ನಿಂತ. ಸ್ನಾನ ಮಾಡಿದ್ದ. ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆಯಾಗಿತ್ತು.

"ಸಾರ್, ದೇವ್ರಾಣೆ ಬೆಳಿಗ್ಗೆ ಒಂದ್ ತೊಟ್ಟೂ ಮುಟ್ಟಿಲ್ಲ. ಕುಡ್ದಿದ್ದು ನಿನ್ನೆ. ನಿನ್ನೇದು ನಿನ್ನೇಗೇ ಮುಗೀತಲ್ವ ಸಾರ್? ಮಲ್ಗಿ ಎದ್ದು ಸ್ನಾನ ಮಾಡಿ ದೇವ್ರಿಗೆ ಕೈ ಮುಗ್ದು ಬಂದಿದೀನಿ. ಇನ್ನೂ ನಿನ್ನೇದನ್ನೇ ಹಿಡ್ಕೊಂಡು ಕೂತ್ರೆ ಏಂ ಚೇಸೇದಿ ಸಾರ್, ಮನುಷ್ಯ ಏನ್ ಮಾಡ್ಬೇಕು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ನಿದ್ದೆ ಮತ್ತು ಸ್ನಾನ ಇವೆರಡರ ಮೇಲೆ ಎಲ್ಲರಿಗೂ ಬಹಳ ನಂಬಿಕೆ. ಸೂತಕ ಕಳೆಯುವುದು ಸ್ನಾನದಿಂದ, ದಣಿವು ಕಳೆಯುವುದು ಸ್ನಾನದಿಂದ, ಜಗಳವಾಡಿ ಮಲಗಿ ಎದ್ದರೆ ಅದೂ ಕಳೆದಂತೆ. ಹಂಡೆಯ ಬಿಸಿನೀರು ಮೈಮೇಲೆ ಬಿದ್ದಮೇಲೆ ರಾತ್ರಿ ಕುಡಿದದ್ದು ಮಾತ್ರ ಯಾಕೆ ಉಳಿಯಬೇಕು? ಕುಡಿದ ಮರುದಿನ ಸಿಕ್ಕಿಬಿದ್ದವರೆಲ್ಲ ಇದೇ ಮಾತನ್ನು ಹೇಳಿ, ಇದೇ ಮುಖ ಹೊತ್ತು ನಿಲ್ಲುತ್ತಿದ್ದರು. ಅದು ತಪ್ಪಿತಸ್ಥನ ಮುಖವಲ್ಲ, ಅನ್ಯಾಯವಾದವನ ಮುಖ.

ಹತ್ತು ದಿನ ಅವನನ್ನು ಅಮಾನತು ಮಾಡಿದರು. ಇನ್ನೊಂದು ಸಲ ಸಿಕ್ಕಿದರೆ ಕೆಲಸವೇ ಹೋಗುತ್ತದೆ ಎಂದು ಕಾಗದ ಕೊಟ್ಟರು. ಕಾಗದ ಕೊಡುವ ಕೆಲಸ ನನ್ನದು. ಕೊಟ್ಟಮೇಲೆ ಮನಸ್ಸು ತಡೆಯಲಿಲ್ಲ. ಅವನನ್ನು ಕೂರಿಸಿಕೊಂಡು, ಹಾಜರಿ ಪುಸ್ತಕದ ಹಿಂದಿನ ಒಂದು ಹಾಳೆ ಹರಿದು, ಗೆರೆ ಎಳೆದು ಒಂದು ಕೋಷ್ಟಕ ಬರೆದೆ. ನೈಂಟಿ ಎಂದರೆ ತೊಂಬತ್ತು ಮಿಲಿಲೀಟರಿನ ಪೊಟ್ಟಣ. ಕ್ವಾರ್ಟರ್ ಅದರ ಇಮ್ಮಡಿ. ಒಂದು ನೈಂಟಿ ಕರಗಲು ಎಷ್ಟು ಗಂಟೆ, ಕ್ವಾರ್ಟರಿಗೆ ಎಷ್ಟು, ಬೆಳಿಗ್ಗೆ ಆರಕ್ಕೆ ಸೊನ್ನೆ ಬರಬೇಕಾದರೆ ಹಿಂದಿನ ಸಂಜೆ ಎಷ್ಟು ಹೊತ್ತಿಗೆ ನಿಲ್ಲಿಸಿರಬೇಕು, ಮೇಲೆ ಒಂದು ಗಂಟೆ ಭದ್ರತೆಗೆ. ಕೆಳಗೆ, ಇದೆಲ್ಲ ಅಂದಾಜು, ಒಬ್ಬೊಬ್ಬರ ಮೈ ಒಂದೊಂದು ಥರ ಎಂದೂ ಬರೆದೆ. ಆ ಸಾಲಿಗೆ ಅಡಿಗೆರೆಯೂ ಹಾಕಿದೆ. ನನ್ನ ಉದ್ದೇಶವನ್ನು ನೀವು ನಂಬಬೇಕು. ಇಷ್ಟು ಹೊತ್ತು ಬೇಕಾಗುತ್ತದಲ್ಲ ಎಂದು ಹೆದರಿ ಅವನು ಬಿಟ್ಟುಬಿಡಲಿ ಎಂದು ನಾನು ಬರೆದದ್ದು.

ಅವನು ಹಾಳೆಯನ್ನು ಎರಡು ಸಲ ಓದಿದ. "ಇದನ್ನ ಮೊದ್ಲೇ ಯಾರೂ ಹೇಳ್ಲಿಲ್ಲ ನೋಡಿ ಸಾರ್" ಎಂದು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಒಬ್ಬ ವಿದ್ಯಾರ್ಥಿಯಾದರೂ ಸಿಕ್ಕಿದನಲ್ಲ ಎಂದು ಅವತ್ತು ಮನೆಗೆ ಹೋಗುವಾಗ ನಾನು ಹಾಡು ಗುನುಗಿಕೊಂಡದ್ದು ನೆನಪಿದೆ. ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಅದೇ ವಾರ ಅವನ ಹೆಂಡತಿ ಗಂಗರತ್ನ ಗೇಟಿಗೆ ಬಂದಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಒಳಗೆ ಬರದೆ ಕಿಟಕಿಯ ಹೊರಗೇ ನಿಂತಳು.

"ಸಾರ್, ನಮ್ಮೋರು ಸಂಜೆ ಮೇಲೆ ನನ್ ಕಣ್ಣಿಗೇ ಬೀಳಲ್ಲ. ಇಲ್ಲೇ ಮಲ್ಗ್ತಾರೆ. ಕುಡ್ದಿದಾರೋ ಇಲ್ವೋ ನಂಗೆಂಗ್ ಗೊತ್ತಾಗ್ಬೇಕು? ಕೇಳಿದ್ರೆ ಬಿಟ್ಬಿಟ್ಟಿದೀನಿ ಅಂತಾರೆ."

"ದಿನಾ ಚೀಟಿ ಕೇಳಮ್ಮ" ಎಂದೆ. "ಈ ಮಿಷನ್ ಸುಳ್ಳು ಹೇಳಲ್ಲ. ಚೀಟೀಲಿ ಸೊನ್ನೆ ಇದ್ರೆ ನೆಮ್ಮದಿಯಾಗಿರು."

ಒಂದೇ ವಾರದಲ್ಲಿ ಗಂಡನಿಗೆ ಕೋಷ್ಟಕವನ್ನೂ ಹೆಂಡತಿಗೆ ನೆಮ್ಮದಿಯನ್ನೂ ಕೊಟ್ಟೆ. ಎರಡೂ ಒಂದೇ ಯಂತ್ರದಿಂದ ತೆಗೆದದ್ದು.

ಮುಂದಿನ ಮೂರು ವರ್ಷ ಅಶ್ವತ್ಥಪ್ಪ ನಮ್ಮ ಗೇಟಿನ ಆದರ್ಶ. ಬೆಳಿಗ್ಗೆ ಸೊನ್ನೆ, ಸಂಜೆ ಸೊನ್ನೆ. ಕೆನ್ನೆ ಉಬ್ಬಿಸುವುದಿಲ್ಲ, ಸೀಬೆ ಎಲೆ ಮುಟ್ಟುವುದಿಲ್ಲ, ಕೊಳವೆ ಹಿಡಿದು ತಳದಿಂದ ಊದುತ್ತಾನೆ. ನಮ್ಮ ತಂದೆ ನೋಡಿದ್ದರೆ ರೇಚಕವೆಂದರೆ ಇದು ಅನ್ನುತ್ತಿದ್ದರು. ಚೀಟಿಯನ್ನು ತಪ್ಪದೆ ಕೇಳಿ ಪಡೆದು ಜೇಬಿಗಿಡುತ್ತಿದ್ದ. ಸುರಕ್ಷತಾ ಸಪ್ತಾಹದಲ್ಲಿ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಸನ್ಮಾನ ಪತ್ರ ಬರೆದವನು ನಾನು. ಅದರಲ್ಲಿ "ವ್ಯಸನವನ್ನು ಗೆದ್ದ ಸಾರಥಿ" ಎಂಬ ಮಾತು ಬರುತ್ತದೆ. ಮುಂದಿನ ಸಾಲಿನಲ್ಲಿ ಗಂಗರತ್ನ ಕೂತಿದ್ದಳು. ಆ ಮಾತು ಓದುವಾಗ ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿ ಕೈ ಮುಗಿದಳು.

ಮೂರನೆಯ ವರ್ಷದ ಕೊನೆಗೆ ಒಂದು ಸಂಜೆ, ಬಸ್ಸು ಹೊರಡುವ ಮುಂಚೆ, ಬಸ್ಸಿನ ಕಾಗದಪತ್ರ ಪರೀಕ್ಷೆಗೆಂದು ಅಶ್ವತ್ಥಪ್ಪನ ಬಸ್ಸು ಹತ್ತಿದೆ. ಅವನು ತಲೆಯ ಮೇಲಿನ ಬಿಸಿಲುತಡೆಯ ಹಲಗೆಯನ್ನು ಕೆಳಕ್ಕೆ ಎಳೆದ. ಕಾಗದಗಳ ಜೊತೆ ಒಂದು ಹಾಳೆ ನನ್ನ ತೊಡೆಯ ಮೇಲೆ ಬಿತ್ತು. ನನ್ನ ಕೋಷ್ಟಕ. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದ. ನನ್ನ ಕೈಬರಹ, ನನ್ನ ಅಡಿಗೆರೆ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಹೊಳೆಯುತ್ತಿತ್ತು. ನನ್ನ ಬರಹಕ್ಕೆ ಅಂಥ ಮರ್ಯಾದೆ ಹಿಂದೆಯೂ ಸಿಕ್ಕಿಲ್ಲ, ಮುಂದೆಯೂ ಸಿಗಲಾರದು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯೇ ಆಯಿತು.

"ಇದನ್ನ ಇನ್ನೂ ಇಟ್ಕೊಂಡಿದೀಯಲ್ಲೋ" ಎಂದೆ. "ಈಗ್ಯಾಕೆ ಇದು? ಬಿಟ್ಟಿದೀಯಲ್ಲ?"

"ಎಲ್ ಬಿಟ್ಟೆ ಸಾರ್? ನೀವು ಬರ್ಕೊಟ್ಟಿದ್ಕೇ ಬದ್ಕೊಂಡೆ. ಮುಂಚೆ ವಾರಕ್ಕೊಂದ್ ಸಲ ಕುಡಿಯೋಕೂ ಭಯ. ಬೆಳಿಗ್ಗೆ ಏನಾಯ್ತದೋ ಅಂತ ನಿದ್ದೇನೇ ಬರ್ತಿರ್ಲಿಲ್ಲ. ಈಗ ದಿನಾ ಎಂಟಕ್ಕೆ ಬಸ್ ನಿಲ್ಲಿಸ್ತೀನಿ, ಎಂಟೂಕಾಲೊಳಗೆ ಒಂದ್ ಕ್ವಾರ್ಟರ್ ಮುಗ್ಸಿ ಮಲ್ಗ್ತೀನಿ. ಬೇರೆಯೋರ ತರ ಮಾತಾಡ್ಕೊಂಡ್ ಕೂತ್ಕೊಳಲ್ಲ. ಟೈಮ್ ಅಂದ್ರೆ ಟೈಮು. ರಜಾ ದಿನ ಬಸ್ ತೊಳೀಬೇಕು ಅಂತ ಮನೇಲಿ ಹೇಳಿ ಇಲ್ಲೇ ಉಳ್ಕೊಂತೀನಿ, ನಿಮ್ ಲೆಕ್ಕದ್ ಪ್ರಕಾರ ಮಧ್ಯಾಹ್ನದೊಳಗೆ ಎರಡು."

ವಾರಕ್ಕೊಂದು ಸಲ ಜೊತೆಗಾರರ ನಡುವೆ ನಗುತ್ತ ಕುಡಿಯುತ್ತಿದ್ದವನು, ಈಗ ದಿನವೂ, ಒಬ್ಬನೇ, ಖಾಲಿ ಹೊಟ್ಟೆಗೆ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷದಲ್ಲಿ ಸುರಿದುಕೊಳ್ಳುತ್ತಿದ್ದ. ಅವನ ಮತ್ತು ಬಾಟಲಿಯ ನಡುವೆ ಇದ್ದದ್ದು ಭಯವೊಂದೇ. ಆ ಭಯವನ್ನು ನಾನು ಗೆರೆ ಎಳೆದು, ಅಂಕಿ ತುಂಬಿ, ತೆಗೆದುಹಾಕಿದ್ದೆ.

"ಹಂಗಲ್ಲ ಕಣೋ ಅಶ್ವತ್ಥ. ಸೊನ್ನೆ ಅಂದ್ರೆ ರಕ್ತದಲ್ಲಿ ಈಗ ಇಲ್ಲ ಅಂತ ಅಷ್ಟೆ. ಅದನ್ನ ದಿನಾ ಕರಗ್ಸೋಕೆ ಒಳಗೆ ಲಿವರು ಏನ್ ಪಾಡು ಪಡ್ತಿದೆ ಅಂತ ಇದು ಹೇಳಲ್ಲ" ಎಂದೆ.

"ಗುಮಾಸ್ತ ಇದಾನಲ್ಲ ಸಾರ್ ಒಳಗೆ, ಮಾಡ್ತಾನೆ ಬಿಡಿ" ಎಂದು ನಕ್ಕ. ನನ್ನ ಪಾಠ ಅವನಿಗೆ ಅಷ್ಟು ಚೆನ್ನಾಗಿ ನೆನಪಿತ್ತು. ಆಮೇಲೆ ನಗು ನಿಲ್ಲಿಸಿ ಕೇಳಿದ: "ಸೊನ್ನೆ ಬರ್ತಾ ಇದ್ಯಲ್ಲ ಸಾರ್?"

ಬರುತ್ತಿತ್ತು. ಅವನ ಹೆಂಡತಿಗೆ ಹೇಳಬಹುದಿತ್ತು, ಡಾಕ್ಟರರ ಹತ್ತಿರ ಎಳೆದುಕೊಂಡು ಹೋಗಬಹುದಿತ್ತು. ಏನೂ ಮಾಡಲಿಲ್ಲ. ಹೇಳಿದರೆ ಕೋಷ್ಟಕದ ವಿಷಯ ಹೊರಬರುತ್ತದೆ, ಸನ್ಮಾನ ಪತ್ರ ನಗೆಪಾಟಲಾಗುತ್ತದೆ ಎಂಬ ಯೋಚನೆ ಬಂತು. ಹಾಳೆಯನ್ನು ಕಿತ್ತುಕೊಳ್ಳಲೂ ಇಲ್ಲ. ಅವನೇ ಮತ್ತೆ ಹಲಗೆಯ ಹಿಂದೆ ಸಿಕ್ಕಿಸಿದ, ನಾನು ನೋಡುತ್ತಿದ್ದೆ. ಮುಂದಿನ ಒಂದು ವರ್ಷ ಪ್ರತಿದಿನ ಅವನ ಹೆಸರಿನ ಮುಂದೆ ನನ್ನ ಕೈಯಾರೆ ಸೊನ್ನೆ ಬರೆದೆ. ಮೊದಲನೆಯ ತಪ್ಪನ್ನು ಬೇಕಾದರೆ ನೀವು ಅಜ್ಞಾನವೆನ್ನಿ. ಎರಡನೆಯದಕ್ಕೆ ಏನು ಹೆಸರಿಡುತ್ತೀರೋ ನನಗೆ ಗೊತ್ತಿಲ್ಲ.

ಆ ವರ್ಷ ಅವನು ಸೊರಗಿದ. ಅಂಗಿ ಭುಜದಿಂದ ಜಾರತೊಡಗಿತು. ಇಂಜಿನ್ನಿನ ಕಾವು, ಉಷ್ಣ ಎನ್ನುತ್ತಿದ್ದ. ಮಾವಿನ ಕಾಲದಲ್ಲಿ ಕಣ್ಣು ಹಳದಿಯಾಯಿತು. ಗಂಗರತ್ನ ಕಾಮಾಲೆಯೆಂದು ಆಂಧ್ರದ ಗಡಿಯಾಚೆ ಯಾರೋ ಎಲೆಯ ರಸ ಕೊಡುವವರ ಹತ್ತಿರ ಕರೆದುಕೊಂಡು ಹೋದಳು. ನಾಲ್ಕು ವಾರ ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ ಮಜ್ಜಿಗೆ. ಬೇರೆ ಯಾರಾದರೂ ಆಗಿದ್ದರೆ ಊರವರು ಕುಡಿತದ ಕಾಮಾಲೆ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದರು. ಶಾಲು ಹೊದ್ದ ಅಶ್ವತ್ಥಪ್ಪನಿಗೆ ಹಾಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ರಜಾ ಅರ್ಜಿಯಲ್ಲಿ "ಕಾಮಾಲೆ" ಎಂದು ಓದಿ, ಮಂಜೂರಾತಿಗೆ ಕಳಿಸಿದವನು ನಾನೇ.

ಹೊಟ್ಟೆಯಲ್ಲಿ ನೀರು ತುಂಬಿದಮೇಲೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ಕಾರ್ಖಾನೆಯ ಪರವಾಗಿ ನನ್ನನ್ನು ಕಳಿಸಿದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಡಾಕ್ಟರು, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಹಾಸಿಗೆಯ ಪಕ್ಕ ನಿಂತು ಕೇಳಿದರು: "ಎಷ್ಟು ಕುಡೀತಿದ್ರಮ್ಮ?"

"ಕುಡಿಯಲ್ಲ ಡಾಕ್ಟ್ರಮ್ಮ" ಎಂದಳು ಗಂಗರತ್ನ. ಆ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಬಟ್ಟೆಯ ಚೀಲದಿಂದ ಒಂದು ಕಂಬಿ ತೆಗೆದಳು. ಅಂಗಡಿಯವರು ರಸೀದಿ ಚುಚ್ಚಿಡುವಂಥ ಬಾಗಿದ ಕಂಬಿ. ಅದರ ತುಂಬ ಚೀಟಿಗಳು, ಕೆಳಗಿನಿಂದ ಮೇಲಿನ ತನಕ ಒತ್ತಾಗಿ. ದೇವರ ಗೂಡಿನ ಪಕ್ಕದ ಮೊಳೆಗೆ ಅದನ್ನು ನೇತುಹಾಕಿದ್ದಳಂತೆ. ದಿನಾ ದೀಪ ಹಚ್ಚಿ ಆ ದಿನದ ಚೀಟಿ ಚುಚ್ಚುತ್ತಿದ್ದಳಂತೆ.

"ನಾಕ್ ವರ್ಷದ್ದೂ ಇದೆ. ನೋಡಿ, ಎಲ್ಲಾ ಸೊನ್ನೆನೇ. ಬೇಕಾದ್ರೆ ಈ ಸಾರ್‌ನ ಕೇಳಿ, ಇವ್ರೇ ಊದ್ಸೋದು."

ಡಾಕ್ಟರು ಕಂಬಿ ತೆಗೆದುಕೊಂಡು ಚೀಟಿಗಳನ್ನು ಸರಿಸಿ ನೋಡಿದರು. ಮೇಲಿನವುಗಳಲ್ಲಿ ಅಕ್ಷರವಿತ್ತು. ಅದರ ಕೆಳಗೆ ಮಸುಕು. ಇನ್ನೂ ಕೆಳಗೆ ಬರೀ ಬಿಳಿ ಕಾಗದ. ಆ ಪ್ರಿಂಟರಿನಲ್ಲಿ ಶಾಯಿಯಿಲ್ಲ. ಕಾಗದಕ್ಕೆ ಕಾವು ತಗುಲಿ ಅಕ್ಷರ ಮೂಡುವುದು, ಕೆಲವು ತಿಂಗಳಲ್ಲಿ ತಾನಾಗಿ ಮಾಸಿಹೋಗುವುದು. ನನಗೆ ಗೊತ್ತಿದ್ದ ವಿಷಯವೇ. ಅವನ ಹೆಸರು, ಹೊತ್ತು, ಸೊನ್ನೆ ಎಲ್ಲವೂ ಹೋಗಿ, ಅವಳು ಮೂರು ವರ್ಷದ ಖಾಲಿ ಕಾಗದವನ್ನು ಕಾಪಾಡಿಕೊಂಡು ಬಂದಿದ್ದಳು.

ಡಾಕ್ಟರು ನನ್ನ ಕಡೆ ನೋಡಿದರು. ಹಾಸಿಗೆಯ ಮೇಲಿಂದ ಅಶ್ವತ್ಥಪ್ಪನೂ ನೋಡಿದ. ಬೇಡ ಎಂದು ಹೇಳುತ್ತಿದ್ದನೋ ಹೇಳಿಬಿಡಿ ಎನ್ನುತ್ತಿದ್ದನೋ ಆ ಹಳದಿ ಕಣ್ಣಿನಿಂದ ನನಗೆ ತಿಳಿಯಲಿಲ್ಲ.

ನಾನು ಹೇಳಿದೆ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಅರ್ಥವಾಗದಿರಲಿ ಎಂದು, ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒಟ್ಟುಮಾಡಿಕೊಂಡು, ದಿನಾ ಒಂದು ಕ್ವಾರ್ಟರ್, ನಾಲ್ಕು ವರ್ಷದಿಂದ ಎಂದು ಹೇಳಿದೆ. ಜೀವನದಲ್ಲಿ ನಾನು ಆಡಿದ ಅತ್ಯಂತ ಹೇಡಿತನದ ಇಂಗ್ಲಿಷು ಅದು. ಮತ್ತು ಅತ್ಯಂತ ದಡ್ಡತನದ್ದು. ಯಾಕೆಂದರೆ ಕ್ವಾರ್ಟರ್ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಯಾವ ಹೆಂಗಸಿಗೆ ಅರ್ಥವಾಗುವುದಿಲ್ಲ?

ಗಂಗರತ್ನ ಡಾಕ್ಟರ ಕೈಯಿಂದ ಕಂಬಿ ವಾಪಸ್ಸು ಪಡೆದು ಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಗಂಡನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು.

ಅಶ್ವತ್ಥಪ್ಪ ಹದಿನೇಳು ದಿನ ಇದ್ದ. ಅಷ್ಟೂ ದಿನ ಅವನ ರಕ್ತದಲ್ಲಿ ಮದ್ಯಸಾರ ಸೊನ್ನೆ. ನನ್ನ ಯಂತ್ರವನ್ನು ಆಸ್ಪತ್ರೆಗೆ ಒಯ್ದಿದ್ದರೆ ಅವನನ್ನು ಬಸ್ಸು ಹತ್ತಲು ಬಿಡುತ್ತಿತ್ತು.

ನನಗೆ ಇದರಿಂದ ಪಾರಾಗುವ ದಾರಿ ಕಾಣುವುದಿಲ್ಲ. ನೀವು ಸಮಾಧಾನ ಹೇಳಬಹುದು: ಕುಡಿದವನು ಅವನು, ನೀನಲ್ಲ. ಹೆಂಡತಿಯೂ ಹಾಗೆಯೇ ಹೇಳಿದಳು. ಕೆಲಸ ಬಿಡುತ್ತೇನೆಂದು ಹೋದರೆ ಮ್ಯಾನೇಜರು, ಬೇರೆ ಕುಡಿಯದವನನ್ನು ಎಲ್ಲಿಂದ ತರಲಿ ಎಂದರು. ಪಾಠ ನಿಲ್ಲಿಸಿದೆ. ಮೊನ್ನೆ ಹೊಸದಾಗಿ ಸೇರಿದ ಡ್ರೈವರೊಬ್ಬ ಕಿಟಕಿಗೆ ಬಗ್ಗಿ, "ಸಾರ್, ನಿಮ್ಗೆ ಇದೆಲ್ಲಾ ಗೊತ್ತಂತಲ್ಲ, ಸಂಜೆ ಎಷ್ಟೊತ್ತಿಗೆ ನಿಲ್ಸಿದ್ರೆ ಬೆಳಿಗ್ಗೆ ಸೊನ್ನೆ ಬರ್ತದೆ?" ಎಂದು ಕೇಳಿದ. ನಾಲಗೆಯ ತುದಿಯಲ್ಲಿ ಎಲ್ಲ ಅಂಕಿಗಳೂ ಸಾಲಾಗಿ ನಿಂತಿದ್ದವು. "ನಂಗೊತ್ತಿಲ್ಲಪ್ಪ" ಎಂದೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಮೂವತ್ತೆರಡು ವರ್ಷಕ್ಕೆ ನಾನು ಕೊಟ್ಟ ಸರಿಯಾದ ಉತ್ತರ ಅದೊಂದೇ ಇರಬೇಕು.

ಗಂಗರತ್ನಳಿಗೆ ನಮ್ಮ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಆರಕ್ಕೆ ಅದೇ ಗೇಟಿನಿಂದ ಒಳಗೆ ಬರುತ್ತಾಳೆ. ಐದು ತಿಂಗಳು ನನ್ನ ಮೇಜಿನ ಕಡೆ ತಿರುಗಿ ನೋಡದೆ ಹೋದಳು. ಕಳೆದ ಸೋಮವಾರ ನಿಂತಳು. ಇನ್ನೂ ಡ್ರೈವರುಗಳು ಬಂದಿರಲಿಲ್ಲ. ನಾನು ಯಂತ್ರದ ಕೊಳವೆ ಬದಲಿಸುತ್ತಿದ್ದೆ.

"ನೀವೂ ಊದ್ತೀರಾ ಸಾರ್?"

"ಹೂನಮ್ಮ. ದಿನಾ ಮೊದ್ಲು ನಾನೇ ಊದೋದು."

"ಊದಿ, ನೋಡ್ತೀನಿ."

ಊದಿದೆ. ತಂದೆ ಹೇಳಿಕೊಟ್ಟಂತೆ ತಳದ ಗಾಳಿಯ ತನಕ ಊದಿದೆ. ಯಂತ್ರ ಕೀಂ ಎಂದಿತು, ಚೀಟಿ ಹೊರಬಂತು. ಅವಳು ಅದನ್ನು ನನಗಿಂತ ಮೊದಲು ಹರಿದುಕೊಂಡು, ಬೆಳಕಿಗೆ ಹಿಡಿದು ಓದಿದಳು. ನನ್ನ ಹೆಸರು, ಹೊತ್ತು, ಸೊನ್ನೆ. ಆ ಗಳಿಗೆಯಲ್ಲಿ ನನಗೆ, ಒಂದು ತೊಟ್ಟೂ ಕುಡಿಯದ ನನಗೆ, ಇದು ನಿಜವಾದ ಸೊನ್ನೆ ಕಣಮ್ಮ ಎಂದು ಕೂಗಿ ಹೇಳಬೇಕೆನ್ನಿಸಿತು.

ಅವಳು ಚೀಟಿಯನ್ನು ನನ್ನ ಮೇಜಿನ ಮೇಲೆ, ಯಂತ್ರದ ಪಕ್ಕದಲ್ಲಿ, ಗಾಳಿಗೆ ಹಾರದಂತೆ ಪೆನ್ನಿನ ಕೆಳಗಿಟ್ಟಳು.

"ನಮ್ಮೋರ್ದೂ ಇಂಗೇ ಬರ್ತಿತ್ತು ಸಾರ್" ಎಂದು ಒಳಗೆ ಹೋದಳು.